ಆ ಒಣ ಬೆಟ್ಟದಲ್ಲಿ ಏನಿದೆ ಅಂತ ಹೋಗ್ತೀರಿ?

ಜುಲೈ ಬಂತು ಅಂದ್ರೆ ಆಸ್ಟ್ರೇಲಿಯಾದ ಅಡಿಲೇಡ್‌ನ ಸ್ನೇಹಿತರೆಲ್ಲ ಕೇಳುವ ಪ್ರಶ್ನೆ ಇದು. ಚಳ್ಳಕೆರೆಗೆ ಫೋನ್ ಮಾಡಿದರೆ ಅಮ್ಮನದೂ ಇದೇ. ಸಮುದ್ರ ಇಲ್ಲ, ಹಸಿರಿಲ್ಲ, ಇಬ್ಬರೇ ಟೆಂಟ್ ಹಾಕಿಕೊಂಡು ಫ್ಲಿಂಡರ್ಸ್ ಬೆಟ್ಟಗಳಲ್ಲಿ ಐದು ದಿನ ಏನು ಮಾಡ್ತೀರಿ?

ನೀರು ನೋಡೋಕೆ ಹೋಗ್ತೀವಿ. ನಿಜವಾಗಿಯೂ.

ಅಡಿಲೇಡ್‌ನಿಂದ ಉತ್ತರಕ್ಕೆ ಹೊರಟರೆ ಗಂಟೆಗಟ್ಟಲೆ ಗೋಧಿ ಹೊಲಗಳೇ. ಆಮೇಲೆ ಹೊಲ ತೆಳುವಾಗುತ್ತಾ ಬಂದು ಬರೀ ಕುರುಚಲು ಉಳಿಯುತ್ತದೆ. 1865ರಲ್ಲಿ, ದೊಡ್ಡ ಬರದ ಹೊತ್ತಲ್ಲಿ, ಸರ್ವೇಯರ್ ಜನರಲ್ ಜಾರ್ಜ್ ಗಾಯ್ಡರ್ ಕುದುರೆ ಮೇಲೆ ಈ ಕಡೆಯೆಲ್ಲ ಸುತ್ತಿ, ಮಳೆ ನಂಬಬಹುದಾದ ನೆಲಕ್ಕೂ ನಂಬಲಾಗದ ನೆಲಕ್ಕೂ ನಡುವೆ ಒಂದು ಗೆರೆ ಗುರುತಿಸಿದ. ಮುಂದಿನ ದಶಕದಲ್ಲಿ ಕೆಲವು ವರ್ಷ ಮಳೆ ಚೆನ್ನಾಗಿ ಬಂತು, ಜನ ಗೆರೆ ದಾಟಿ ಬಿತ್ತಿದರು. ಮತ್ತೆ ಬರ ಬಂದಾಗ ಎಷ್ಟೋ ಕುಟುಂಬಗಳು ಮನೆ ಬಿಟ್ಟು ನಡೆದವು. ಆ ಮನೆಗಳ ಕಲ್ಲಿನ ಗೋಡೆಗಳು ಸೂರಿಲ್ಲದೆ ಇನ್ನೂ ನಿಂತಿವೆ. ಪ್ರತಿ ಸಲ ಒಂದು ಕಡೆಯಾದರೂ ಇಳಿದು, ಒಲೆ ಇದ್ದ ಗೂಡಿನ ಮುಂದೆ ನಿಂತು ಬರ್ತೀನಿ. ನಮ್ಮ ಕಡೆಯೂ ಮಳೆ ನಂಬಿ ಕೆಟ್ಟವರು ಕಮ್ಮಿಯಿಲ್ಲ.

ಬ್ರಾಚಿನಾ ಕಣಿವೆಯಲ್ಲಿ ಸುಮಾರು 20 ಕಿ.ಮೀ. ಮಣ್ಣುದಾರಿ. ಅಲ್ಲಿ ಅವಸರ ಮಾಡಬೇಡಿ. ಕೆಂಪು ಬಂಡೆಯ ಮೇಲೆ ಅಲೆಯ ಗುರುತುಗಳಿವೆ, ಬೆರಳಿಟ್ಟರೆ ಏರಿಳಿತ ತಾಕುತ್ತದೆ, ಕೆರೆಯಂಚಿನ ಕೆಸರು ಈಗಷ್ಟೇ ಒಣಗಿದ ಹಾಗೆ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಕಡಲ ತಳ ಅದು! 1946ರಲ್ಲಿ ರೆಗ್ ಸ್ಪ್ರಿಗ್ ಎಂಬ ಭೂವಿಜ್ಞಾನಿಗೆ ಮೆತ್ತನೆಯ ಮೈಯ ಜೀವಿಗಳ ಅಚ್ಚು ಸಿಕ್ಕಿದ್ದು ಈ ಬೆಟ್ಟಸಾಲಿನ ಪಕ್ಕದ ಎಡಿಯಾಕರ ಗುಡ್ಡಗಳಲ್ಲಿ. 2004ರಲ್ಲಿ ಭೂಮಿಯ ಚರಿತ್ರೆಯ ಒಂದು ಕಾಲಘಟ್ಟಕ್ಕೇ ಆ ಹೆಸರು ಬಂತು.

ಆ ನೆಲದ ಅಡ್ನ್ಯಮಾತನ್ಹಾ ಜನ ಹೇಳುವ ಕತೆ ನನಗೆ ಇನ್ನೂ ಇಷ್ಟ. ಅಕುರ್‍ರಾ ಎಂಬ ಮಹಾಸರ್ಪ ಬಾಯಾರಿ, ಫ್ರೋಮ್ ಸರೋವರದ ಉಪ್ಪುನೀರನ್ನೆಲ್ಲ ಕುಡಿದು, ಭಾರದ ಹೊಟ್ಟೆ ಎಳೆದುಕೊಂಡು ಬೆಟ್ಟಕ್ಕೆ ಮರಳಿತಂತೆ. ಅದು ಹರಿದ ದಾರಿಯೇ ಹಳ್ಳವಾಯಿತು. ವಿಲ್ಪೆನಾ ಪೌಂಡ್ ಎಂಬ ಬೋಗುಣಿಯಂಥ ತಗ್ಗಿನ ಸುತ್ತಲಿನ ಗೋಡೆಯಂಥ ಬೆಟ್ಟಗಳೂ ಅವರಿಗೆ ಎರಡು ಸರ್ಪಗಳ ಮೈ. ಅಲ್ಲಿನ ಸೇಂಟ್ ಮೇರಿ ಶಿಖರದ ತುದಿಗೆ ಹತ್ತಬೇಡಿ ಎಂದು ಅವರು ಕೇಳಿಕೊಳ್ಳುತ್ತಾರೆ. ನಾವು ಹತ್ತಿಲ್ಲ, ಹತ್ತುವುದೂ ಇಲ್ಲ.

ಭಯ ಆಗಲ್ವಾ ಅಂತ ಅಮ್ಮ ಕೇಳ್ತಾಳೆ. ಎಚ್ಚರ ಬೇಕು, ಅಷ್ಟೇ. ಸಂಜೆಯಾದ ಮೇಲೆ ಕಾಂಗರೂಗಳು ರಸ್ತೆಗೆ ಬರ್ತವೆ, ಕಾರು ಓಡಿಸಬೇಡಿ. ಒಣ ಹಳ್ಳದೊಳಗೆ ಟೆಂಟ್ ಹಾಕಬೇಡಿ, ರೆಡ್ ಗಮ್ ಮರದ ಕೆಳಗಂತೂ ಬೇಡವೇ ಬೇಡ, ಗಾಳಿಯಿಲ್ಲದಾಗಲೂ ಕೊಂಬೆ ಮುರಿದು ಬೀಳಬಹುದು. ಜುಲೈ ಅಲ್ಲಿ ಚಳಿಗಾಲ, ಕಂಬಳಿ ಜಾಸ್ತಿ ಇರಲಿ.

ಐದು ದಿನಕ್ಕೆ ನೂರು ಲೀಟರ್ ನೀರು ಹೊರ್ತೀವಿ. ಗಂಡನ ಊರು ತೀರ್ಥಹಳ್ಳಿ, ನೀರು ಅಳೆದು ಗೊತ್ತಿಲ್ಲದವನು. ಮೊದಲ ಸಲ ಅವನು ಅಕ್ಕಿ ತೊಳೆದ ನೀರು ಚೆಲ್ಲೋಕೆ ಹೋದಾಗ ನಾನು ಕೈ ಹಿಡಿದೆ. ಅದೇ ನೀರಲ್ಲಿ ಎರಡು ತಟ್ಟೆ, ಒಂದು ಪಾತ್ರೆ ಬೆಳಗಿ ತೋರಿಸಿದೆ. ನಮ್ಮಜ್ಜಿ ಮಾಡ್ತಿದ್ದಿದ್ದೇ ಹಾಗೆ.

ಮರುದಿನ ಬೆಳಿಗ್ಗೆ ಅವನು ಹಳ್ಳದಿಂದ ನನ್ನನ್ನು ಕೂಗಿದ. ಮೇಲೆ ಮರಳು ಬೂದಿಯ ಹಾಗೆ ಒಣಗಿತ್ತು. ಯಾವುದೋ ಪ್ರಾಣಿ ಕೆರೆದು ಹೋಗಿದ್ದ ಗುಂಡಿಗೆ ಅವನು ಮೊಣಕೈವರೆಗೆ ಕೈ ಇಳಿಸಿದ್ದ. ನಾನೂ ಇಳಿಸಿದೆ. ತಣ್ಣಗೆ, ಒದ್ದೆ.

'ಇದಕ್ಕೆ ಏನಂತಾರೆ ನಿಮ್ಮ ಕಡೆ?' ಅಂದ.

'ಒರತೆ' ಅಂದೆ. ವೇದಾವತಿಯ ಮರಳಲ್ಲಿ ಚಿಕ್ಕಂದಿನಲ್ಲಿ ಹೀಗೇ ತೋಡುತ್ತಿದ್ದೆವು.