ಕಿಟಕಿ ತೆಗೆದ್ರಾ, ಇಲ್ವಾ?

ಕ್ಯಾನ್ ಪಾಠದ ದಿನ ನನ್ನ ಇಂಗ್ಲಿಷ್ ತರಗತಿಯಲ್ಲಿ ಯಾರಿಗೂ ಭಯ ಇರುವುದಿಲ್ಲ. ಹಿಂದೆ ಎಸ್ ಅಂಟಿಸುವ ಗೋಜಿಲ್ಲ, ಮುಂದೆ ಟು ಹಾಕುವ ಹಾಗಿಲ್ಲ. ಶಿ ಕ್ಯಾನ್ ಸ್ವಿಮ್. ಅಷ್ಟೇ. ಮೊನ್ನೆಯೂ ಎಲ್ಲ ಸಲೀಸಾಗಿ ಸಾಗಿತ್ತು, ಕುಡ್ ಬರುವ ತನಕ.

ಕೆಲಸ ಮುಗಿಸಿ ಸಂಜೆ ಕಲಿಯಲು ಬರುವ ಒಬ್ಬರು ತಮ್ಮ ಸಾಹಸ ಹೇಳತೊಡಗಿದರು. ಮನೆಯ ಕೀ ಕಳೆದುಹೋಗಿತ್ತು, ಕಿಟಕಿ ತೆಗೆದು ಒಳಗೆ ಇಳಿದರಂತೆ. ‘ಯೆಸ್ಟರ್‌ಡೇ ಐ ಕುಡ್ ಓಪನ್ ದ ವಿಂಡೋ’ ಅಂದರು.

‘ಐ ವಾಸ್ ಏಬಲ್ ಟು ಓಪನ್ ಅನ್ನಿ’ ಅಂದೆ.

‘ಯಾಕೆ ಮೇಡಂ? ಕ್ಯಾನ್‌ಗೆ ಭೂತಕಾಲ ಕುಡ್ ಅಂತ ನೀವೇ ಹೇಳಿದ್ರಲ್ಲ?’

ನ್ಯಾಯವಾದ ಪ್ರಶ್ನೆ. ಕುಡ್ ಹೇಳುವುದು ಆಗ ಇದ್ದ ಸಾಮರ್ಥ್ಯವನ್ನು. ಚಿಕ್ಕವಳಿದ್ದಾಗ ನನಗೆ ಮರ ಹತ್ತಲು ಬರುತ್ತಿತ್ತು, ಐ ಕುಡ್ ಕ್ಲೈಂಬ್ ಟ್ರೀಸ್. ಆದರೆ ಒಂದು ದಿನ, ಒಂದು ಸಲ, ಕೆಲಸ ಆಗೇ ಹೋಯ್ತು ಅನ್ನಬೇಕಾದರೆ ವಾಸ್ ಏಬಲ್ ಟು ಬೇಕು. ಬರೀ ಕುಡ್ ಅಂದರೆ, ಕಿಟಕಿ ತೆಗೆದರೋ ಇಲ್ಲವೋ ಅಂತ ಕೇಳುವವರಿಗೆ ಅನುಮಾನ ಉಳಿಯುತ್ತದೆ. ಪಟ್ಟ ಪಾಡೂ ತಿಳಿಯಬೇಕಾ? ಮ್ಯಾನೇಜ್ಡ್ ಟು ಅನ್ನಿ.

‘ತೆಗೆಯೋಕೆ ಆಗದೇ ಇದ್ದಿದ್ರೆ?’ ಹಿಂದಿನ ಬೆಂಚಿನಿಂದ ಬಂತು.

ಆಗ ಕುಡಂಟ್ ಸಾಕು. ಆಗಲೇ ಇಲ್ಲ ಅಂದ ಮೇಲೆ ಅನುಮಾನಕ್ಕೆ ಜಾಗ ಎಲ್ಲಿ, ಅಲ್ವಾ? ಈ ನಿಯಮದಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಭಾಗ ಇದೇ, ಬಾಯಿಪಾಠ ಬೇಕಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಅವರು ಬೀಗದ ಮುಂದೆ ನಿಂತಿದ್ದಾಗ, ಒಳಗೇ ಮರೆತಿದ್ದ ಮೊಬೈಲ್ ಹೊಡೆದುಕೊಳ್ಳುತ್ತಿತ್ತಂತೆ. ಅಲ್ಲಿ ಐ ಕುಡ್ ಹಿಯರ್ ಮೈ ಫೋನ್ ಅನ್ನುವುದೇ ಸರಿ, ನಡೆದದ್ದು ಒಂದೇ ಸಲವಾದರೂ. ಕಾಣುವುದು, ಕೇಳಿಸುವುದು, ವಾಸನೆ ಬರುವುದು, ಅರ್ಥವಾಗುವುದು, ನೆನಪಿರುವುದು, ಇವಕ್ಕೆಲ್ಲ ಕುಡ್ ನಡೆಯುತ್ತದೆ. ತರಗತಿಯಿಡೀ ‘ಅಯ್ಯೋ’ ಅಂದಿತು. ಅಂದಹಾಗೆ, ಕುಡ್ ಬರೆಯುವಾಗ ಮಧ್ಯೆ ಕೂತಿರುವ ಎಲ್‌ಗೂ ಏನೂ ಕೆಲಸವಿಲ್ಲ. ವುಡ್, ಶುಡ್‌ಗಳನ್ನು ನೋಡಿ ಸುಮ್ನೆ ಬಂದು ಸೇರಿಕೊಂಡದ್ದು.

ಕಥೆಯನ್ನು ಮೊದಲಿಂದ ಹೇಳಿಸಿದೆ. ‘ಐ ಕುಡಂಟ್ ಫೈಂಡ್ ದ ಕೀ. ಐ ಕುಡ್ ಹಿಯರ್ ಮೈ ಫೋನ್. ಐ ಮ್ಯಾನೇಜ್ಡ್ ಟು ಓಪನ್ ದ ವಿಂಡೋ.’ ಒಂದೂ ತಪ್ಪಲಿಲ್ಲ.

‘ಅದ್ಸರಿ, ಫೋನ್ ಮಾಡಿದ್ದು ಯಾರು?’ ಪಕ್ಕದವರು ಕೇಳಿದರು.

‘ಆಫೀಸಿನವರು. ಕೀ ಅಲ್ಲೇ ಬಿದ್ದಿತ್ತಂತೆ, ತಂದುಕೊಡ್ತೀನಿ ಅನ್ನೋಕೆ.’ ಸ್ವಲ್ಪ ಯೋಚಿಸಿ ತಾವೇ ಸೇರಿಸಿದರು, ‘ಐ ಕುಡ್ ಹ್ಯಾವ್ ವೇಟೆಡ್.’

ಕುಡ್ ಹ್ಯಾವ್ ಪಾಠವನ್ನು ನಾನಿನ್ನೂ ಶುರು ಮಾಡಿರಲಿಲ್ಲ.