ರೂಮಿಗೆ ದುಡ್ಡು ಕೊಡೋ ಮೊದಲು ದಿಂಬು ಮೂಸಿ ನೋಡಿ: ತುಮಕೂರಿನಿಂದ ಆಗುಂಬೆ, ಮರವಂತೆ, ಸಿಗಂದೂರು

ಮಳೆಗಾಲದಲ್ಲಿ ಆಗುಂಬೆ, ಕರಾವಳಿ ಅಂತ ನಮ್ಮ ಕಡೆಯಿಂದ ಕಾರು ಹೊರಡಿಸುವವರಿಗೆ ನಾನು ಹೇಳೋದು ಮೊದಲು ಇದನ್ನೇ. ಹಸಿರು, ಮಂಜು, ಜಲಪಾತ ಎಲ್ಲಾ ಇದೆ, ಫೋಟೊ ಚೆನ್ನಾಗಿ ಬರುತ್ತೆ. ಅದನ್ನ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಮಧುಗಿರಿಯಲ್ಲಿ ಹುಟ್ಟಿ ತುಮಕೂರಲ್ಲಿ ಕೆಲಸ ಮಾಡೋನು. ಬಿಸಿಲು, ಧೂಳು, ಜಾತ್ರೆ ಜನ, ಮೂರು ಗಂಟೆ ಕ್ಯೂ, ಯಾವುದಕ್ಕೂ ನನಗೆ ತಕರಾರಿಲ್ಲ. ಒದ್ದೆ ಹಾಸಿಗೆ ಮಾತ್ರ ಆಗಿಬರಲ್ಲ. ಕೆಳಗೆ ಬರೆದದ್ದನ್ನೆಲ್ಲ ಆ ಲೆಕ್ಕದಲ್ಲೇ ಓದಿಕೊಳ್ಳಿ.

ಹೋದದ್ದು 2025ರ ಆಗಸ್ಟ್ 15ಕ್ಕೆ. ಶುಕ್ರವಾರ ರಜೆ ಬಿದ್ದಿತ್ತು, ಸೋಮವಾರ ಒಂದು ರಜೆ ಹಾಕಿ ನಾಲ್ಕು ದಿನ ಮಾಡಿಕೊಂಡ್ವಿ. ನಾನು, ಹೆಂಡತಿ, ಎಂಟು ವರ್ಷದ ಮಗ, ಅತ್ತೆ, ಭಾಮೈದ. ಐದು ಜನಕ್ಕೆ ಒಂದು ಹಳೇ ವ್ಯಾಗನ್ ಆರ್. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ. ಮೊಬೈಲ್ ಮ್ಯಾಪು ಎಂಟು ಗಂಟೆ ಅಂತ ತೋರಿಸ್ತು. ಬೆಳಗ್ಗೆ ಐದಕ್ಕೆ ಬಿಟ್ಟವರು ಉಡುಪಿ ಮುಟ್ಟಿದ್ದು ಸಂಜೆ ಆರೂವರೆಗೆ. ಶಿವಮೊಗ್ಗದ ತನಕ ನಮ್ಮ ಲೆಕ್ಕ ನಡೆಯುತ್ತೆ, ರಸ್ತೆ ಅಗಲ ಮಾಡುವ ಕೆಲಸದ ಡೈವರ್ಷನ್‌ಗಳನ್ನ ಬಿಟ್ರೆ. ತೀರ್ಥಹಳ್ಳಿ ದಾಟಿದ ಮೇಲೆ ಗಂಟೆಗೆ ಮೂವತ್ತು ಕಿಲೋಮೀಟರ್ ಅಂತ ಹಾಕಿಕೊಳ್ಳಿ. ಶಿರಾ ರಸ್ತೇಲಿ ಓಡಿಸಿದ ಅಭ್ಯಾಸದಲ್ಲಿ ಅಲ್ಲಿ ಓಡಿಸೋಕೆ ಹೋಗಬೇಡಿ.

ಪೆಟ್ರೋಲು ತೀರ್ಥಹಳ್ಳಿಯಲ್ಲೇ ತುಂಬಿಸಿಕೊಳ್ಳಿ, ನಗದು ದುಡ್ಡೂ ಅಲ್ಲೇ ತೆಗೆದುಕೊಳ್ಳಿ. ಆಗುಂಬೆ ಕಡೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ರೆ ಇಲ್ಲ. ಫೋನ್‌ಪೇ ಚಕ್ರ ತಿರುಗ್ತಾ ತಿರುಗ್ತಾ ಟೀ ಅಂಗಡಿಯವರ ಮುಂದೆ ಮುಖ ಸಣ್ಣ ಮಾಡಿಕೊಂಡು ನಿಂತಿದ್ದು ನಾನು. ಹೊರಡೋ ಮೊದಲು ವೈಪರ್ ರಬ್ಬರ್ ಬದಲಾಯಿಸಿ. ನನ್ನದು ತುಮಕೂರಿನ ವರ್ಷಕ್ಕೆ ಹತ್ತು ಸಲ ಆಡುವ ವೈಪರು. ಆಗುಂಬೆಯಲ್ಲಿ ಅರ್ಧ ಗಂಟೆಗೇ ಕಿರ್ ಕಿರ್ ಅಂತ ಗಾಜು ಕೆರೆಯೋಕೆ ಶುರು ಮಾಡ್ತು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಮ್ಮ ಪಾವಗಡದ ಕಡೆ 600 ಆಯ್ತು ಅಂದ್ರೆ ಆ ವರ್ಷ ಕಡ್ಲೆಕಾಯಿ ಬೆಳೆದವರ ಮುಖ ನೋಡಬೇಕು! ಈ ಅಂಕಿ ನನಗೆ ಮೊದಲೇ ಗೊತ್ತಿತ್ತು, ಆದರೆ ಅದು ತಲೆ ಮೇಲೆ ಬಿದ್ದಾಗಲೇ ಅರ್ಥವಾಗೋದು. ಕೊಡೆ ಹಿಡಿದರೆ ಮಳೆ ಪಕ್ಕದಿಂದ ಬರುತ್ತೆ. ಸನ್‌ಸೆಟ್ ಪಾಯಿಂಟಲ್ಲಿ ಸನ್ನೂ ಇಲ್ಲ, ಪಾಯಿಂಟೂ ಇಲ್ಲ, ಬರೀ ಬಿಳೀ ಗೋಡೆ. ಭಾಮೈದ ರೇನ್‌ಕೋಟ್ ಒಳಗಿಂದ, "ಭಾವ, ಇಲ್ಲಿಯ ಒಂದು ಗಂಟೆ ಮಳೇನ ಪೈಪಲ್ಲಿ ಕಳಿಸಿದ್ರೆ ನಮ್ಮೂರ ಕೆರೆ ಕೋಡಿ ಬೀಳ್ತಿತ್ತಲ್ಲ" ಅಂದ. ಎತ್ತಿನಹೊಳೆ ನೀರಿಗೆ ಕಾದು ಕೂತ ಜಿಲ್ಲೆಯವರಿಗೆ ಬರೋ ಯೋಚನೆ ಇದು.

ಘಾಟಿಯಲ್ಲಿ 14 ತಿರುವು. ಸೆಕೆಂಡ್ ಗೇರಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ. ಮಳೆಗಾಲದಲ್ಲಿ ಇಲ್ಲಿ ಭಾರಿ ವಾಹನ ಬಿಡೋದಿಲ್ಲ, ಹಾಗಾಗಿ ಮಿನಿ ಬಸ್ ಮಾಡಿಕೊಂಡು ಹೊರಡೋ ಗುಂಪಿನವರು ಮೊದಲೇ ವಿಚಾರಿಸಿ. ರೆಡ್ ಅಲರ್ಟ್ ಇದ್ದ ದಿನವಂತೂ ಹೊರಡಲೇ ಬೇಡಿ. ತಿರುವಿನಲ್ಲಿ ಕಾರು ನಿಲ್ಲಿಸಿ ಕೋತಿಗೆ ಬಿಸ್ಕೆಟ್ ಹಾಕೋರನ್ನ ನೋಡಿದ್ರೆ ನನಗೆ ಮೈ ಉರಿಯುತ್ತೆ. ಮುಖದ ಸುತ್ತ ಬೂದು ಬಣ್ಣದ ಕೇಸರ ಇದ್ರೆ ಅದು ಸಿಂಗಳೀಕ, ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಮರದ ತುದಿಯಲ್ಲಿ ಇರಬೇಕಾದ್ದನ್ನ ಬಿಸ್ಕೆಟ್ ತೋರಿಸಿ ಚಕ್ರದ ಕೆಳಗೆ ಕರೆದಂಗೆ.

ಇನ್ನು ಜಿಗಣೆ. ಅಲ್ಲಿ ಅದಕ್ಕೆ ಉಂಬಳ ಅಂತಾರೆ. ಹುಲ್ಲಿನ ಮೇಲೆ ಎರಡು ನಿಮಿಷ ನಿಂತರೆ ಸಾಕು, ಸಾಕ್ಸ್ ಒಳಗೆ ಹೋಗಿರುತ್ತೆ. ಕಿತ್ತು ಎಳೆಯಬೇಡಿ, ಸ್ವಲ್ಪ ಉಪ್ಪೋ ಸುಣ್ಣವೋ ಮುಟ್ಟಿಸಿದ್ರೆ ತಾನೇ ಬೀಳುತ್ತೆ. ಅತ್ತೆಯ ಎಲೆ ಅಡಿಕೆ ಚೀಲದ ಸುಣ್ಣ ನಾಲ್ಕು ದಿನ ನಮ್ಮ ಔಷಧಿ ಡಬ್ಬಿ ಆಗಿತ್ತು.

ಈಗ ಊಟದ ವಿಷಯ. ಘಾಟಿ ಇಳಿದು ಸೋಮೇಶ್ವರ ದಾಟಿ ಹೆಬ್ರಿ ಕಡೆ ಹೋಗುವಾಗ ಎಡಕ್ಕೆ ಒಂದು ತಗಡಿನ ಚಾವಣಿಯ ಹೋಟ್ಲು. ಬೋರ್ಡಿಲ್ಲ. ಮುಂದೆ ನೀಲಿ ಟಾರ್ಪಾಲು, ಎರಡು ಬೆಂಚು, ಒಲೆಯ ಹೊಗೆ. ನಾವು ನಿಲ್ಲಿಸಿದ್ದು ಹಸಿವಿಗಲ್ಲ, ಹೊಗೆ ನೋಡಿ. ಐದೂ ಜನ ತೊಪ್ಪೆಯಾಗಿದ್ವಿ. ಒಳಗೆ ಒಬ್ಬ ಅಮ್ಮ ಕೂತು ಕೊಟ್ಟೆ ಕಟ್ಟುತ್ತಿದ್ದರು. ನಾಲ್ಕು ಹಲಸಿನ ಎಲೆ ತಗೊಂಡು, ತೊಟ್ಟು ಹೊರಗೆ ಬರೋ ಹಾಗೆ ಜೋಡಿಸಿ, ತೆಂಗಿನ ಗರಿ ಕಡ್ಡಿಯನ್ನ ಉಗುರುದ್ದ ಮುರಿದು ಚುಚ್ಚುತ್ತಾ ಹೋದರೆ ಲೋಟದ ಹಾಗೆ ನಿಲ್ಲುತ್ತೆ. ಕಣ್ಣು ರಸ್ತೆ ಮೇಲೆ, ಕೈ ಎಲೆ ಮೇಲೆ. ಒಂದು ಕೊಟ್ಟೆಗೆ ಅರ್ಧ ನಿಮಿಷವೂ ಇಲ್ಲ. ಅದಕ್ಕೆ ಉದ್ದು, ಅಕ್ಕಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದ್ರೆ ಕೊಟ್ಟೆ ಕಡುಬು.

ನನ್ನ ಮಗ ಹೋಗಿ, "ಅಜ್ಜಿ, ತಟ್ಟೆ ಇಡ್ಲಿ ಇದ್ಯಾ?" ಅಂದ.

"ತಟ್ಟೆ ಇಲ್ಲ ಮಗಾ, ಎಲೆಯದ್ದುಂಟು" ಅಂದರು.

ಕ್ಯಾತ್ಸಂದ್ರದಲ್ಲಿ ಇಡ್ಲಿ ತಿಂದು ಬೆಳೆದವನು ನಾನು, ಇಡ್ಲಿ ವಿಚಾರದಲ್ಲಿ ಸುಲಭಕ್ಕೆ ಸೋಲಲ್ಲ. ಅವತ್ತು ಸೋತೆ. ಎಲೆ ಬಿಡಿಸುವಾಗ ಬರುವ ಹಬೆಯಲ್ಲಿ ಒಂದು ಹಸಿ ವಾಸನೆ ಇರುತ್ತೆ, ಕಡುಬಿನ ಮೈಮೇಲೆ ಎಲೆ ನರದ ಗೆರೆ ಮೂಡಿರುತ್ತೆ. ಮೇಲೆ ಒಂದು ಚಮಚ ತೆಂಗಿನೆಣ್ಣೆ, ಪಕ್ಕಕ್ಕೆ ಖಾರದ ಚಟ್ನಿ. ಕೊಬ್ಬರಿ ಎಣ್ಣೆ ತಲೆಗೆ ಅಂತ ನಂಬಿರುವ ನಮ್ಮ ಅತ್ತೆ ಮೊದಲು ತಟ್ಟೆ ದೂರ ತಳ್ಳಿದ್ರು, ಆಮೇಲೆ ಮೂರು ತಿಂದ್ರು. ಕೆಸುವಿನೆಲೆಯ ಪತ್ರೊಡೆ ಇತ್ತು, ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ, ಒಂದೆಲಗದ ಚಟ್ನಿ. ಗಂಜಿ ಅಂದ್ರೆ ಜ್ವರ ಬಂದವರಿಗೆ ಅಂದ್ಕೊಂಡಿದ್ದ ಭಾಮೈದ ಎರಡನೇ ಸಲ ಹಾಕಿಸಿಕೊಂಡ. ಐದು ಜನಕ್ಕೆ ಟೀ ಸೇರಿ 310 ರೂಪಾಯಿ.

ಬಿಲ್ಲಿಗಿಂತ ಹೆಚ್ಚಾಗಿ ನೆನಪಿರೋದು ಬೇರೆ. ಮಗನ ಕಾಲು ನೋಡಿ ಆ ಅಮ್ಮ, "ಎಂತ ಮಾರಾಯ್ತಿ, ಮಗುವಿಗೆ ಚಂಡಿ ಸಾಕ್ಸ್ ಹಾಕಿ ಕೂರಿಸಿದ್ದೀರಿ, ತೆಗೀರಿ" ಅಂತ ನನ್ನ ಹೆಂಡತಿಯನ್ನ ಗದರಿದ್ರು. ಚಂಡಿ ಅಂದ್ರೆ ಒದ್ದೆ. ಒಲೆ ಮೇಲೆ ಕಟ್ಟಿದ್ದ ತಂತಿಯಲ್ಲಿ ಸಾಕ್ಸು, ಟವೆಲ್ಲು, ನನ್ನ ಅಂಗಿ ಎಲ್ಲಾ ಹರವಿ ಕೊಟ್ರು. ಮುಕ್ಕಾಲು ಗಂಟೆ ಕೂತ್ವಿ. ನಾಲ್ಕು ದಿನದಲ್ಲಿ ನಮ್ಮ ಬಟ್ಟೆ ಪೂರ್ತಿ ಒಣಗಿದ್ದು ಅಲ್ಲೊಂದೇ ಕಡೆ. ಹೊಗೆ ವಾಸನೆ ಬರ್ತಿತ್ತು, ಬರಲಿ ಬಿಡಿ.

ಉಡುಪಿಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಸಾದಾ ಲಾಡ್ಜು, 1,400 ರೂಪಾಯಿ, ಫ್ಯಾನು ಜೋರು, ಹಾಸಿಗೆ ಗರಿಗರಿ. ಕೃಷ್ಣ ಮಠದಲ್ಲಿ ಕನಕನ ಕಿಂಡಿ ಮುಂದೆ ಕ್ಯೂ, ಮಠದ ಊಟ, ಅತ್ತೆಗೆ ಸಂತೋಷ. ಅಲ್ಲಿಗೆ ಅದು ಮುಗೀತು. ಮಲ್ಪೆಯಲ್ಲಿ ನೀರಿಗೆ ಇಳಿಯದ ಹಾಗೆ ಬಲೆ ಕಟ್ಟಿದ್ದರು. ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳನ್ನ ಮಗನಿಗೆ ತೋರಿಸಬೇಕು ಅಂದ್ಕೊಂಡಿದ್ದೆ, ಮಳೆಗಾಲದಲ್ಲಿ ದೋಣಿ ಬಿಡೋದೇ ಇಲ್ಲ. ದ್ವೀಪ ನೋಡಲೇಬೇಕು ಅನ್ನೋರು ದಸರಾ ಕಳೆದ ಮೇಲೆ ಹೋಗಿ. ಮೀನು ತಿನ್ನೋರಿಗೆ ಆಗಸ್ಟ್ ವಾಸಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತೆ, ಆಮೇಲೆ ಬಂದರಿಗೆ ಮತ್ತೆ ಮೀನು ಬರುತ್ತೆ.

ಎರಡನೇ ರಾತ್ರಿಗೆ ಮರವಂತೆ ಕಡೆ "ಸಮುದ್ರ ಕಾಣುವ ಫ್ಯಾಮಿಲಿ ರೂಮು" ಅಂತ ಫೋಟೊ ನೋಡಿ 3,800 ಮುಂಗಡವಾಗಿ ಪೂರ್ತಿ ಕಟ್ಟಿದ್ದೆ. ನನ್ನ ತಪ್ಪು. ಫೋಟೊ ಬೇಸಿಗೆಯಲ್ಲಿ ತೆಗೆದದ್ದು. ಸಮುದ್ರ ಕಾಣ್ತಿತ್ತು, ಸುಳ್ಳಲ್ಲ, ಬಚ್ಚಲ ಕಿಟಕಿಯಿಂದ, ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತರೆ. ಬಾಗಿಲು ತೆಗೆದ ಕೂಡಲೇ ಬೂಷ್ಟಿನ ವಾಸನೆ. ದಿಂಬಿನ ಕವರ್ ತೆಗೆದು ನೋಡಿದ್ರೆ ಒಳಗೆ ಕಪ್ಪು ಚುಕ್ಕೆ. ಹಾಸಿಗೆ ಮೇಲೆ ಕೈ ಒತ್ತಿದರೆ ಅಂಗೈ ತಣ್ಣಗಾಗ್ತಿತ್ತು.

ಮ್ಯಾನೇಜರನ್ನ ಕರೆದೆ. "ಸಾರ್, ಮಳೆಗಾಲ ಅಲ್ವಾ, ಎಲ್ಲಾ ಕಡೆ ಹೀಗೇ ಸಾರ್" ಅಂದ. ಉಡುಪಿಯ 1,400ರ ಲಾಡ್ಜಿನಲ್ಲೂ ಅದೇ ಮಳೆ ಬರ್ತಿತ್ತಲ್ಲ ಅಂದೆ. ನಕ್ಕ. ಹೆಚ್ಚಿನ ಹಾಸಿಗೆಗೆ 700, ಕರೆಂಟು ಹೋದಾಗ ಜನರೇಟರಿಗೆ 300, ಬಿಸಿನೀರು ಬೆಳಗ್ಗೆ ಆರರಿಂದ ಏಳೂವರೆ ಮಾತ್ರ. ಅತ್ತೆ ಹಾಸಿಗೆ ಮುಟ್ಟಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಹೊದ್ದು ರಾತ್ರಿಯಿಡೀ ಕೂತಿದ್ರು. ಬೆಳಗ್ಗೆ ಲೆಕ್ಕ ಕೇಳಿ, "ಈ ದುಡ್ಡಿಗೆ ಮಧುಗಿರೀಲಿ ಒಂದು ತಿಂಗ್ಳು ಮನೆ ಬಾಡಿಗೆ ಆಗ್ತಿತ್ತಲ್ಲಪ್ಪ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ನೀವು ಹೀಗೆ ಮಾಡಿ: ಒಂದು ರಾತ್ರಿಯದ್ದೂ ಪೂರ್ತಿ ಮುಂಗಡ ಕಟ್ಟಬೇಡಿ. ಹೋಗಿ, ದಿಂಬು ಮೂಸಿ, ಹಾಸಿಗೆ ಒತ್ತಿ, ಆಮೇಲೆ ಒಪ್ಪಿ. ಮಳೆಗಾಲದಲ್ಲಿ ಸಮುದ್ರದ ಪಕ್ಕ ಮಲಗೋದಕ್ಕಿಂತ ಪೇಟೆ ನಡುವಿನ ಲಾಡ್ಜು ಮೇಲು, ದಿನಾ ಜನ ಬಂದುಹೋಗೋ ರೂಮು ಗಾಳಿಯಾಡಿರುತ್ತೆ. ಎರಡು ಹಳೇ ಬೆಡ್‌ಶೀಟು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಇಟ್ಟುಕೊಳ್ಳಿ. ಗುಡ್ಡದ ಮೇಲಿನ ಹೋಂಸ್ಟೇಗಳ ಬಗ್ಗೆ ನನ್ನನ್ನ ಕೇಳಬೇಡಿ, ಅಷ್ಟು ಹೊತ್ತಿಗೆ ನನಗೆ ತಂಪು ಅನ್ನೋ ಪದವೇ ಬೇಡವಾಗಿತ್ತು.

ಮರವಂತೆ ಜಾಗ ಮಾತ್ರ ಜಾಗವೇ. ಹೆದ್ದಾರಿಯ ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಈ ಕಡೆ ಅಲೆ ಬಂಡೆಗೆ ಅಪ್ಪಳಿಸ್ತಿದ್ರೆ ಆ ಕಡೆ ನೀರು ಎಣ್ಣೆ ಹಾಕಿದಂಗೆ ಮಲಗಿರುತ್ತೆ. ರಸ್ತೆ ಮಧ್ಯೆ ನಿಂತು ಸೆಲ್ಫಿ ತೆಗೆಯೋಕೆ ಹೋಗಬೇಡಿ, ಲಾರಿಗಳು ನಿಮಗಾಗಿ ನಿಧಾನ ಮಾಡಲ್ಲ.

ವಾಪಸು ಬಂದದ್ದು ಕೊಲ್ಲೂರು, ನಾಗೋಡಿ ಘಾಟಿ, ಸಿಗಂದೂರು, ಸಾಗರದ ದಾರಿ. ಇದನ್ನ ಯಾರಿಗಾದ್ರೂ ಧೈರ್ಯವಾಗಿ ಹೇಳ್ತೀನಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರಿಗೆ ಸಿಕ್ಕಿ ತುಮರಿ ಕಡೆಯ ಊರುಗಳು ಸಾಗರದಿಂದ ಕಡಿದುಹೋಗಿದ್ವು. ಅರವತ್ತು ವರ್ಷ ಲಾಂಚೇ ಗತಿ. ಹಿಂದೊಂದು ಸಲ ಭಾನುವಾರ ಬಂದಾಗ ಲಾಂಚಿಗೆ ಕಾರು ಹತ್ತಿಸೋಕೆ ನಾವು ಎರಡೂವರೆ ಗಂಟೆ ಕಾದಿದ್ವಿ. 2025ರ ಜುಲೈ 14ಕ್ಕೆ ಅಂಬಾರಗೊಡ್ಲು, ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆ ಆಯ್ತು. ಈ ಸಲ ಐದು ನಿಮಿಷ. ಮಗ ಮಾತ್ರ, "ಅಪ್ಪ, ಕಾರನ್ನ ದೋಣಿಗೆ ಹತ್ತಿಸ್ತಾರೆ ಅಂದಿದ್ದೆ" ಅಂತ ಸಾಗರದ ತನಕ ಮುಖ ಊದಿಸಿಕೊಂಡಿದ್ದ. ಸಿಗಂದೂರು ದೇವಸ್ಥಾನದಲ್ಲಿ ಜನ ಜನ ಜನ. ನನಗೆ ಪರವಾಗಿಲ್ಲ, ಜನ ಆಗದವರು ವಾರದ ಮಧ್ಯೆ ಹೋಗಿ.

ಜೋಗದಲ್ಲಿ ನಲವತ್ತು ನಿಮಿಷ ಬರೀ ಮಂಜು, ಸದ್ದು. ಎರಡು ನಿಮಿಷ ತೆರೆ ಸರಿದಂಗೆ ಆಯ್ತು, ರಾಜಾ ಕಾಣಿಸ್ತು, ಮತ್ತೆ ಮುಚ್ಚಿತು. ಅವಸರ ಮಾಡಿ ಹೊರಟುಬಂದವರಿಗೆ ಅದೂ ಇಲ್ಲ. ಕಾಯಿರಿ.

ಕಾರಿನ ಮ್ಯಾಟ್ ಕೆಳಗೆ ದಿನಪತ್ರಿಕೆ ಹಾಸಿ, ದಿನಾ ಬದಲಾಯಿಸ್ತಾ ಇರಿ. ನಾವು ಹಾಕಲಿಲ್ಲ. ಊರಿಗೆ ಬಂದು ವಾರವಾದ ಮೇಲೂ ಕಾರೊಳಗೆ ಮರವಂತೆ ರೂಮಿನದ್ದೇ ವಾಸನೆ. ಶಿರಾ ಗೇಟ್ ಹತ್ರ ವಾಟರ್ ಸರ್ವಿಸ್‌ಗೆ ಬಿಟ್ಟಾಗ ಅಲ್ಲಿನ ಹುಡುಗ ಹಿಂದಿನ ಮ್ಯಾಟ್ ಎತ್ತಿ, ಒಣಗಿ ದಾರದಂಗೆ ಅಂಟಿಕೊಂಡಿದ್ದ ಉಂಬಳವನ್ನ ಕಡ್ಡಿಯಲ್ಲಿ ಎಬ್ಬಿಸಿ ತೋರಿಸಿದ.

"ಇದೇನ್ ಸಾರ್, ಎರೆಹುಳನಾ?"