ಹೊಳೆಬದಿಯ ಒಲೆ, ಮರುದಿನದ ಪುಳಿಮುಂಚಿ

ನಮ್ಮ ಅಜ್ಜ ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ ಕಾಡಿಗೆ ಬೇಟೆಗೆ ಹೋಗುತ್ತಿದ್ದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಕೋವಿ ಅಟ್ಟ ಸೇರಿತು. ಒಳ್ಳೆಯದೇ ಆಯಿತು. ಆದರೆ ಕಾಡಲ್ಲಿ ಮೂರು ಕಲ್ಲಿಟ್ಟು ಬೇಯಿಸಿ ಉಂಡ ಕಥೆಗಳು ಮನೆಯಲ್ಲಿ ಉಳಿದುಬಿಟ್ಟವು. ಆ ಊಟದ ಆಸೆ ನನಗೆ ಹತ್ತಿದ್ದು ಅಲ್ಲಿಂದಲೇ.

ನಮಗೀಗ ಬೇಟೆ ಅಂದ್ರೆ ಗಾಳ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಎರಡು ಮೂರು ಸಲ ಸೋದರಮಾವ, ಅವರ ಇಬ್ಬರು ದೋಸ್ತಿಗಳು ಮತ್ತು ನಾನು ಸ್ವರ್ಣಾ ಹೊಳೆಯ ಒಂದು ಕುದ್ರುವಿನಲ್ಲಿ, ಅಂದ್ರೆ ಹೊಳೆ ನಡುವಿನ ದ್ವೀಪದಲ್ಲಿ, ರಾತ್ರಿ ಕಳೆಯುತ್ತೇವೆ. ಕೆಮ್ಮಣ್ಣಿನ ತೂಗುಸೇತುವೆ ದಾಟಿದರೆ ತಿಮ್ಮಣ್ಣಕುದ್ರು ಸಿಗುತ್ತದಲ್ವಾ, ಅದೇ ಕಡೆ, ಪರಿಚಯದವರ ತೆಂಗಿನ ತೋಟದಲ್ಲಿ.

ಮಧ್ಯಾಹ್ನ ಇಳಿತದ ಹೊತ್ತಿಗೆ ಮರುವಾಯಿ (ಹೊಳೆಯ ಚಿಪ್ಪುಮೀನು) ಹೆಕ್ಕುತ್ತೇವೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇದ್ದರೆ ನೀರು ತುಂಬಾ ಇಳಿಯುತ್ತದೆ, ಜಾಸ್ತಿ ಸಿಗುತ್ತದೆ. ಎರಡು ಮೂರು ಗಂಟೆ ಹೊಳೆಯ ಉಪ್ಪುನೀರಲ್ಲೇ ಬಿಟ್ಟರೆ ಹೊಯ್ಗೆ (ಮರಳು) ಕಕ್ಕುತ್ತವೆ. ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ದರೆ ಸುಕ್ಕ ಮಾಡಲೇಬೇಡಿ, ಹಲ್ಲಿಗೆ ಹೊಯ್ಗೆ ಸಿಕ್ಕಿದರೆ ಊಟದ ಸುಖವೇ ಹೋಯಿತು. ಸ್ವಲ್ಪ ನೀರಲ್ಲಿ ಬೇಯಿಸಿ, ಬಾಯಿ ಬಿಡದವನ್ನು ಎಸೆದು, ಉಳಿದವಕ್ಕೆ ಮಸಾಲೆ ಮತ್ತು ಆಗಷ್ಟೇ ತುರಿದ ಕಾಯಿ.

ಗಾಳಕ್ಕೆ ಸಿಗಡಿ ಸಿಕ್ಕಿಸಿ ಕೂತರೆ ಕಾಣೆ ಮೀನು ಬೀಳುತ್ತದೆ. ಕಾವಲಿಯ ಮೇಲೆ ತೆಂಗಿನೆಣ್ಣೆಯಲ್ಲಿ ಹುರಿದದ್ದು ಬಿಸಿ ಇರುವಾಗಲೇ ಮುಗಿಯುತ್ತದೆ, ಅದರ ಬಗ್ಗೆ ಹೇಳುವುದೇನಿದೆ.

ನಾನು ಹೇಳಹೊರಟದ್ದು ಪುಳಿಮುಂಚಿಯ ಬಗ್ಗೆ, ಅಂದ್ರೆ ಹುಳಿ, ಮೆಣಸು ಅರೆದು ಮಾಡುವ ಮೀನು ಸಾರಿನ ಬಗ್ಗೆ. ಬಿಡಾರದ ಅಡಿಗೆಗೆ ಇದಕ್ಕಿಂತ ಒಳ್ಳೆಯ ಸಾರು ನಾನು ಕಂಡಿಲ್ಲ. ಗಸಿ ಅನ್ನುವ ಗಟ್ಟಿ ಸಾರಿಗೆ ಕಾಯಿ ಅರೆಯಬೇಕು, ಮನೆಯಿಂದ ಅರೆದು ತಂದರೆ ಸೆಕೆಗೆ ಹಳಸುತ್ತದೆ. ಪುಳಿಮುಂಚಿಗೆ ಕಾಯಿಯೇ ಬೇಡ. ಅತ್ತೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳು ಮೆಂತ್ಯ, ಓಮ, ಕಾಳುಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ ಎಲ್ಲ ಸೇರಿಸಿ ಗಟ್ಟಿಯಾಗಿ ಅರೆದು ಡಬ್ಬಿಯಲ್ಲಿ ಕೊಡುತ್ತಾರೆ. ಮಣ್ಣಿನ ಚಟ್ಟಿಯಲ್ಲಿ ಮಸಾಲೆ ಚೆನ್ನಾಗಿ ಕುದಿಯಬೇಕು, ಹುಳಿಯ ಹಸಿ ವಾಸನೆ ಹೋದ ಮೇಲೆ ಮೀನು. ಮೊದಲ ಸಲ ನಾನು ಸೌಟು ಹಾಕಲು ಹೋದಾಗ ಮಾವ ಕೈ ಹಿಡಿದರು. "ಸೌಟು ಹಾಕಬೇಡ ಮಾರಾಯ, ಮೀನು ಪುಡಿಯಾಗ್ತದೆ. ಚಟ್ಟಿಯನ್ನೇ ಹಿಡಿದು ತಿರುಗಿಸು." ಬೆಂಕಿಗೆ ತೆಂಗಿನ ಒಣ ಮಡಲು (ಗರಿ) ಬೇಗ ಹತ್ತುತ್ತದೆ, ಆದರೆ ಅಷ್ಟೇ ಬೇಗ ಆರುತ್ತದೆ. ಕೊನೆಯ ಸಣ್ಣ ಉರಿಗೆ ತೆಂಗಿನ ಗೆರಟೆಯ ಕೆಂಡವೇ ಆಗಬೇಕು.

ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಒಂದು ವರ್ಷ ಕ್ಯಾನು ಖಾಲಿಯಾಗಿ ಹೊಳೆಯ ನೀರಲ್ಲೇ ಅಕ್ಕಿ ಬೇಯಿಸಿದೆವು. ಮಳೆ ನಿಂತ ಮೇಲೆ ಅಲ್ಲಿಯವರೆಗೂ ಸಮುದ್ರದ ಉಪ್ಪು ಏರಿ ಬರುತ್ತದೆ, ಆ ಗಂಜಿ ಬಾಯಿಗಿಡಲು ಆಗಲಿಲ್ಲ. ನಾಲ್ವರೂ ಹಸಿದು ಮಲಗಿದೆವು.

ಪುಳಿಮುಂಚಿಯ ನಿಜವಾದ ರುಚಿ ಮರುದಿನ ಬೆಳಿಗ್ಗೆ. ರಾತ್ರಿ ಮುಚ್ಚಿಟ್ಟ ಸಾರು ಅಷ್ಟೊತ್ತಿಗೆ ದಪ್ಪಗಾಗಿ, ಹುಳಿ ಖಾರ ಎಲ್ಲ ಮೀನಿನೊಳಗೆ ಇಳಿದಿರುತ್ತದೆ. ಒಮ್ಮೆ ಕುದಿಸಿ, ಪಕ್ಕದಲ್ಲಿ ಬಿಸಿ ಕುಚ್ಚಲಕ್ಕಿ ಗಂಜಿ ಇಟ್ಟುಕೊಂಡು, ಹೊಳೆಯ ಮೇಲೆ ಇನ್ನೂ ಮಂಜು ಇರುವಾಗ ಉಣ್ಣಬೇಕು. ಆಗ ಯಾರೂ ಮಾತಾಡುವುದಿಲ್ಲ.

ಚಟ್ಟಿಯ ತಳಕ್ಕೆ ಹತ್ತಿದ ಮಸಾಲೆಗೆ ಮಾವ ಎರಡು ಸೌಟು ಗಂಜಿ ಸುರಿದು, ಬೆರಳಲ್ಲಿ ತಿಕ್ಕಿ ತಿಕ್ಕಿ ತಿನ್ನುತ್ತಾರೆ. ಅದು ಅವರ ಪಾಲು, ಯಾರೂ ಕೇಳುವುದಿಲ್ಲ. ಕಳೆದ ಸಲ ಗಂಜಿ ಸುರಿದು ಚಟ್ಟಿಯನ್ನು ನನ್ನ ಕಡೆ ತಳ್ಳಿದರು.